ಪಂಪು ಹಿಡಿದವರ ಪರವಾಗಿ

ಹೋದ ಚಳಿಗಾಲ, ಸಂಕ್ರಾಂತಿಗೆ ಇನ್ನೊಂದು ವಾರ ಇರುವಾಗ, ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ನನ್ನನ್ನು ಕರೆದು ‘ದಮ್ಮಿನ ಬಗ್ಗೆ ಒಂದಿಪ್ಪತ್ತು ನಿಮಿಷ ಮಾತಾಡಿ’ ಅಂದರು. ನಾನು ಡಾಕ್ಟರಲ್ಲ. ಮೆಡಿಕಲ್ ಸ್ಟೋರ್ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು, ಅಷ್ಟೇ ನನ್ನ ಅರ್ಹತೆ. ನನ್ನ ಮಾತಿಗೋಸ್ಕರ ಅಕ್ಕಪಕ್ಕದ ಪವರ್‌ಲೂಮುಗಳನ್ನು ನಿಲ್ಲಿಸಿದ್ದರು. ಆ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆದರೆ ಮಾತು ಮುಗಿದ ಮೇಲೆ ಒಂದು ಗಂಟೆ ಯಾರೂ ಮಗ್ಗಕ್ಕೆ ವಾಪಸ್ ಹೋಗಲಿಲ್ಲ. ನಿಂತಲ್ಲೇ ನನ್ನನ್ನು ತರಾಟೆಗೆ ತಗೊಂಡರು. ಅಲ್ಲಿ ಸಾಲದು ಅಂತ ಅಂಗಡಿಗೂ ಬಂದರು, ದಾರಿಯಲ್ಲೂ ನಿಲ್ಲಿಸಿದರು. ಒಬ್ಬರು ವೈದ್ಯರು ಫೋನ್ ಮಾಡಿ ತಮ್ಮ ಪಾಲಿನ ಆಕ್ಷೇಪಣೆಯನ್ನೂ ಸೇರಿಸಿದರು. ಬಾಯಲ್ಲಿ ಹೇಳಿದ್ದಕ್ಕೆ ಬಾಯಲ್ಲೇ ಉತ್ತರ ಕೊಡುತ್ತಾ ಹೋದರೆ ಅಂಗಡಿ ನಡೆಯುವುದಿಲ್ಲ. ಆದ್ದರಿಂದ ಬರೆದು ಕೊಡುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಕಡೆ ‘ಇನ್‌ಹೇಲರ್’ ಅನ್ನುವವರು ಕಡಿಮೆ. ‘ಪಂಪು’ ಅನ್ನುತ್ತಾರೆ, ಇಲ್ಲವೇ ‘ಬಾಯಿಗೆ ಹೊಡ್ಕೊಳ್ಳೋದು’. ನಾನೂ ಪಂಪು ಅಂತಲೇ ಬರೆಯುತ್ತೇನೆ.

‘ಪಂಪು ಒಂದ್ಸಲ ಹಿಡಿದರೆ ಚಟ ಆಗ್ತದೆ, ಸಾಯೋತನಕ ಬಿಡಲ್ಲ’ ಅನ್ನುವುದು ಮೊದಲನೆಯ ಆಕ್ಷೇಪಣೆ. ಹೆಚ್ಚು ಜನ ಹೇಳಿದ್ದೂ ಇದೇ. ಇವರು ಕಂಡಿರುವುದು ಸುಳ್ಳಲ್ಲ. ಪಂಪು ನಿಲ್ಲಿಸಿದವರಿಗೆ ಉಸಿರು ಕಟ್ಟುವುದನ್ನು ಮನೆಯಲ್ಲೇ ನೋಡಿದ್ದಾರೆ. ಆದರೆ ಕೊಳವೆಬಾವಿಯ ಮೋಟಾರು ಆಫ್ ಮಾಡಿದರೆ ದ್ರಾಕ್ಷಿ ತೋಟಕ್ಕೆ ನೀರು ನಿಲ್ಲುತ್ತದೆ. ಅದನ್ನು ನೋಡಿ ತೋಟಕ್ಕೆ ಮೋಟಾರಿನ ಚಟ ಹತ್ತಿದೆ ಅಂತ ಯಾರೂ ಹೇಳುವುದಿಲ್ಲ, ನೀರು ಆಳಕ್ಕೆ ಹೋಗಿದೆ ಅನ್ನುತ್ತಾರೆ. ಆಸ್ತಮಾ ಆಗಲಿ, ಸಿಒಪಿಡಿ ಅಂತ ಚೀಟಿಯಲ್ಲಿ ಬರೆಯುತ್ತಾರಲ್ಲ ಆ ಶ್ವಾಸನಾಳದ ಕಾಯಿಲೆ ಆಗಲಿ, ಪಂಪು ಬರುವುದಕ್ಕೆ ಮುಂಚೆಯೇ ಒಳಗೆ ಕೂತಿರುತ್ತದೆ.

ಆದರೂ ಈ ಆಕ್ಷೇಪಣೆಯಲ್ಲಿ ಒಂದು ಕಾಳು ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಗಿರಾಕಿಯೊಬ್ಬರು ಇಪ್ಪತ್ತು ದಿನಕ್ಕೊಂದು ನೀಲಿ ಪಂಪು ಒಯ್ಯುತ್ತಾರೆ. ಅದರಲ್ಲಿ 200 ಒತ್ತು ಇರುತ್ತದೆ, ಅಂದರೆ ದಿನಕ್ಕೆ ಹತ್ತು. ಅವರ ಚೀಟಿಯಲ್ಲಿ ಇನ್ನೊಂದು ಪಂಪೂ ಇದೆ. ಬೆಳಿಗ್ಗೆ ಎರಡು ಸಂಜೆ ಎರಡು ಒತ್ತಿದರೆ 120 ಒತ್ತಿನ ಆ ಡಬ್ಬಿ ಸರಿಯಾಗಿ ಒಂದು ತಿಂಗಳು ಬರಬೇಕು. ಅದನ್ನು ಅವರು ವರ್ಷಕ್ಕೆ ಎರಡು ಸಲ ಒಯ್ದರೆ ಹೆಚ್ಚು. ಯಾಕೆಂದು ಕೇಳಿದೆ. ‘ಅದು ಹೊಡ್ಕೊಂಡ್ರೆ ಏನೂ ಆಗಲ್ಲಣ್ಣ. ಈ ನೀಲೀದು ಹೊಡ್ಕೊಂಡ್ರೆ ಎದೆ ಬಿಟ್ಕೊಂತೈತೆ’ ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ನೀಲಿ ಪಂಪಿನ ಸಾಲ್ಬುಟಮಾಲ್ ಶ್ವಾಸನಾಳದ ಸುತ್ತ ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕಾರು ಗಂಟೆ ಕೆಲಸ ಮಾಡುತ್ತದೆ, ಹೋಗುತ್ತದೆ. ಇನ್ನೊಂದು ಪಂಪು ನಾಳದ ಒಳಗಿನ ಊತವನ್ನು ಇಳಿಸುವಂಥದು. ಅದರ ಗುಣ ಕಾಣುವುದಕ್ಕೆ ದಿನಗಳು, ವಾರಗಳು ಬೇಕು. ಅದನ್ನು ಸೇದಿದ ಕ್ಷಣದಲ್ಲಿ ಏನೂ ಅನಿಸುವುದಿಲ್ಲ. ದುಡ್ಡು ಕೊಟ್ಟವನು ಗುಣ ಕಂಡಿದ್ದನ್ನು ಮತ್ತೆ ಕೊಳ್ಳುತ್ತಾನೆ, ಕಾಣದ್ದನ್ನು ಬಿಡುತ್ತಾನೆ. ಸಂತೆಯಲ್ಲಿ ಬಿತ್ತನೆ ಬೀಜ ಕೊಳ್ಳುವುದೂ ಹೀಗೆಯೇ. ಆದರೆ ಇಲ್ಲಿ ಆ ಜಾಣತನ ತಿರುಗಿ ಹೊಡೆಯುತ್ತದೆ. ಕೆನಡಾದ ಸಸ್ಕಾಚೆವನ್ ಪ್ರಾಂತದ ಔಷಧ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ, 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ವರ್ಷದಲ್ಲಿ ಈ ಎರಡನೇ ಬಗೆಯ ಪಂಪು ಒಂದೊಂದು ಡಬ್ಬಿ ಹೆಚ್ಚಿದಂತೆ ಆಸ್ತಮಾದಿಂದ ಸಾಯುವ ಪ್ರಮಾಣ ಶೇಕಡಾ 21ರಷ್ಟು ಇಳಿಯುತ್ತಾ ಹೋಯಿತು ಎಂದು ಅದು ಕಂಡುಕೊಂಡಿತು. ನೀಲಿ ಪಂಪು ಒಂದನ್ನೇ ನಂಬಿಕೊಂಡು ಆಸ್ತಮಾ ನಿಭಾಯಿಸಬೇಡಿ ಎಂದು ಜಾಗತಿಕ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆ. ಹಾಗಾಗಿ ಚಟ ಅನ್ನುವುದೇ ಆದರೆ ನೀಲಿಯದನ್ನು ಅನ್ನಿ, ಒಪ್ಪುತ್ತೇನೆ. ಅದರ ಪಾಪವನ್ನು ಇನ್ನೊಂದರ ತಲೆಗೆ ಕಟ್ಟಬೇಡಿ.

‘ಪಂಪು ಅಂದ್ರೆ ಕೊನೇ ಔಷಧಿ. ಮಾತ್ರೆ, ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಅದು.’ ಇದಕ್ಕೆ ಉತ್ತರ ಒಂದು ಸಣ್ಣ ಲೆಕ್ಕ. ನಮ್ಮಲ್ಲಿ ಧಾರಾಳವಾಗಿ ಹೋಗುವ ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಅದೇ ಔಷಧ ಪಂಪಿನಲ್ಲಿ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಒಂದು ಮಾತ್ರೆಗೆ ನಲವತ್ತು ಒತ್ತು ಆಯಿತು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ, ಎದೆಗೂ ಒಂದಿಷ್ಟು ಮುಟ್ಟಿಸುತ್ತದೆ. ದಾರಿಯಲ್ಲಿ ಕೈ ನಡುಗಿಸುತ್ತದೆ, ಗುಂಡಿಗೆ ಡವಗುಟ್ಟಿಸುತ್ತದೆ. ಪಂಪು ನೇರ ಜಾಗಕ್ಕೆ ಹೋಗುತ್ತದೆ. ಕಡಿಮೆ ಔಷಧದ್ದು ಮೊದಲು ಬರಬೇಕೋ ಹೆಚ್ಚಿನದ್ದು ಮೊದಲು ಬರಬೇಕೋ, ನೀವೇ ಹೇಳಿ. ಕೊನೆಗಾಲದಲ್ಲಿ ಆಸ್ಪತ್ರೆ ಸೇರಿದವರ ಮುಖಕ್ಕೆ ಗಾಳಿ ಮೆಷಿನ್ ಹಾಕಿದ್ದನ್ನು ನೋಡಿ ನೋಡಿ ಪಂಪೂ ಸಾವಿನ ಗುರುತು ಅಂತ ಜನರ ಮನಸ್ಸಿನಲ್ಲಿ ಕೂತಿದೆ. ತಡವಾಗಿ ಕೊಟ್ಟಿದ್ದರಿಂದಲೇ ಅದು ಕೊನೆಯದಾಯಿತು.

ಈಗ ಸ್ಟಿರಾಯ್ಡ್ ವಿಚಾರ. ಓದಿದ ಹುಡುಗರು ಮೊಬೈಲ್ ನೋಡಿಕೊಂಡು ಬಂದು ‘ಇದರಲ್ಲಿ ಸ್ಟಿರಾಯ್ಡ್ ಇದೆ, ಅಮ್ಮನಿಗೆ ಕೊಡಲ್ಲ’ ಅನ್ನುತ್ತಾರೆ. ಇದೆ. ಎರಡನೇ ಪಂಪಿನಲ್ಲಿ ಸಾಮಾನ್ಯವಾಗಿ ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇರುತ್ತದೆ. ಅದಕ್ಕೆ ಅಡ್ಡಪರಿಣಾಮವೇ ಇಲ್ಲ ಅಂತ ನಾನು ಹೇಳಿದರೆ ನನ್ನನ್ನು ನಂಬಬೇಡಿ. ಸೇದಿದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ನಾಲಿಗೆ, ಗಂಟಲಲ್ಲಿ ಬಿಳಿ ಬೂಷ್ಟು ಕಟ್ಟುತ್ತದೆ, ದನಿ ಒಡೆಯುತ್ತದೆ. ವರ್ಷಗಟ್ಟಲೆ ಬುಡೆಸೊನೈಡ್ ಸೇದಿದ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿ ಅಮೆರಿಕದಲ್ಲಿ ಅಳೆದಾಗ ಅವರ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು. ಸಿಒಪಿಡಿ ಇರುವವರಲ್ಲಿ ನ್ಯುಮೋನಿಯಾ ಸ್ವಲ್ಪ ಹೆಚ್ಚು. ಅದಕ್ಕೇ ಆ ಕಾಯಿಲೆಯ ಎಲ್ಲರಿಗೂ ಸ್ಟಿರಾಯ್ಡ್ ಪಂಪು ಬೇಕಿಲ್ಲ. ಬೇಕೋ ಬೇಡವೋ ಎಂಬುದನ್ನು ಊದಿಸಿ ಪರೀಕ್ಷೆ ಮಾಡಿದ ವೈದ್ಯರು ಹೇಳಬೇಕು, ನಾನಲ್ಲ, ಮೊಬೈಲೂ ಅಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ ನನ್ನದೊಂದು ಪ್ರಶ್ನೆ. ಹುಡುಗರೇ, ಇದೇ ಅಮ್ಮನಿಗೆ ದಮ್ಮು ಹೆಚ್ಚಾದಾಗ ರಾತ್ರಿ ಸ್ಕೂಟರ್ ಮೇಲೆ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋಗುತ್ತೀರಿ. ಅಲ್ಲಿ ‘ಡೆರಿಫಿಲಿನ್ನು, ಡೆಕಾ’ ಅಂತ ಜೋಡಿ ಇಂಜೆಕ್ಷನ್ ಹಾಕುತ್ತಾರೆ. ಆ ಡೆಕಾ ಏನಂದುಕೊಂಡಿದ್ದೀರಿ? ಡೆಕ್ಸಾಮೆಥಾಸೋನ್, ಅಪ್ಪಟ ಸ್ಟಿರಾಯ್ಡ್, ಅದೂ ಇಡೀ ಮೈಗೆ. ವಾರ ಸುಖವಾಗಿರುತ್ತಾರೆ, ಆಮೇಲೆ ಮತ್ತೆ ಸ್ಕೂಟರ್. ಹೀಗೆ ವರ್ಷಕ್ಕೆ ಎಂಟು ಹತ್ತು ಸಲ ಆದವರಿಗೆ ಸಕ್ಕರೆ ಏರಿದ್ದು, ಮೂಳೆ ಸವೆದದ್ದು, ಮುಖ ದುಂಡಗಾದದ್ದನ್ನು ನಾನು ಕೌಂಟರಿನ ಈ ಕಡೆಯಿಂದ ನೋಡುತ್ತಾ ಬಂದಿದ್ದೇನೆ. ಪ್ರಾಣ ಹೋಗುವಂಥ ಹೊತ್ತಿನಲ್ಲಿ ಸ್ಟಿರಾಯ್ಡ್ ಸೂಜಿ ಬೇಕಾಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಮೈಕ್ರೋಗ್ರಾಂ ಲೆಕ್ಕದ್ದಕ್ಕೆ ಹೆದರಿ ಮಿಲಿಗ್ರಾಂ ಲೆಕ್ಕದ್ದನ್ನು ಕೇಳದೆ ಚುಚ್ಚಿಸಿಕೊಳ್ಳುವುದಕ್ಕೆ ತಕರಾರು. ‘ಗಿಡಮೂಲಿಕೆ’ ಅಂತ ಪೊಟ್ಟಣ ಕಟ್ಟಿ ಮಾರುವ ಪುಡಿಗಳಲ್ಲಿ ಇದೇ ಸ್ಟಿರಾಯ್ಡ್ ಬೆರೆಸಿರುವುದು ದೇಶದ ಎಷ್ಟೋ ಕಡೆ ಪತ್ತೆಯಾಗಿದೆ. ಎರಡೇ ದಿನಕ್ಕೆ ಪವಾಡದ ಹಾಗೆ ವಾಸಿಯಾಯಿತು ಅನ್ನುವ ಪುಡಿಯ ಮೇಲೆ ನನಗೆ ಬರುವ ಮೊದಲ ಅನುಮಾನವೇ ಅದು.

ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ ಬತ್ತಿನಿ ಮನೆತನದವರಿಂದ ದಮ್ಮಿಗೆಂದು ಮೀನು ನುಂಗಿಸಿಕೊಂಡು ಬಂದವರು ನಮ್ಮ ಬೀದಿಯಲ್ಲೂ ಇದ್ದಾರೆ. ಹಳದಿ ಲೇಹ್ಯವನ್ನು ಜೀವಂತ ಮೀನಿನ ಮರಿಯ ಬಾಯಿಗಿಟ್ಟು ಗಂಟಲಿಗೆ ಇಳಿಸುತ್ತಾರೆ, ಮೂರು ವರ್ಷ ಬಿಡದೆ ಹೋಗಬೇಕು, ಸಸ್ಯಾಹಾರಿಗಳಿಗೆ ಬೆಲ್ಲ. ಅವರು ದುಡ್ಡು ಕೇಳುವುದಿಲ್ಲ, ಅದು ದೊಡ್ಡತನವೇ. ಆದರೆ ಲೇಹ್ಯದಲ್ಲಿ ಏನಿದೆ ಅಂತಲೂ ಹೇಳುವುದಿಲ್ಲ. ಹೋಗಿಬನ್ನಿ, ನಾನು ಅಡ್ಡ ಬರುವುದಿಲ್ಲ. ರೈಲಿನಲ್ಲಿ ಪಂಪು ಮಾತ್ರ ಜೇಬಿನಲ್ಲಿರಲಿ.

‘ಯೋಗ ಮಾಡಿದರೆ ಪಂಪು ಬೇಡ’ ಅಂದ ಯೋಗದ ಮೇಷ್ಟ್ರ ಮಾತನ್ನು ಇಷ್ಟು ಬೇಗ ಮುಗಿಸಲಾಗುವುದಿಲ್ಲ. ಅವರ ಕೈಯಲ್ಲಿ ಆಧಾರವಿದೆ, ಅದೂ ನಮ್ಮ ಬೆಂಗಳೂರಿನದೇ. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಪ್ರಯೋಗ ಅದು. 53 ಆಸ್ತಮಾ ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ದಿನಕ್ಕೆ 65 ನಿಮಿಷ ಮಾಡಿ ಅಂದರು. ವಯಸ್ಸು, ಕಾಯಿಲೆಯ ತೀವ್ರತೆ ಹೊಂದುವ ಇನ್ನೂ 53 ಮಂದಿಯನ್ನು ಯೋಗವಿಲ್ಲದೆ ಹೋಲಿಕೆಗೆ ಇಟ್ಟುಕೊಂಡರು. ಯೋಗ ಮಾಡಿದವರಿಗೆ ಉಬ್ಬಸ ಬರುವುದು ಕಡಿಮೆಯಾಯಿತು, ಊದುವ ಶಕ್ತಿ ಹೆಚ್ಚಿತು, ಔಷಧವೂ ಕಡಿಮೆ ಬೇಕಾಯಿತು. ಒಳ್ಳೆಯ ಕೆಲಸ, ಕನ್ನಡದವರು ಹೆಮ್ಮೆಪಡಬೇಕಾದ್ದು. ಮೇಷ್ಟ್ರೇ, ಅದರಲ್ಲಿ ‘ಕಡಿಮೆ’ ಅನ್ನುವ ಮಾತನ್ನು ಗಮನಿಸಿ. ಉಸಿರು ಚೆನ್ನಾದಂತೆ ಔಷಧ ತಾನಾಗಿ ಇಳಿಯುತ್ತದೆ, ಅದು ಸರಿಯಾದ ದಾರಿ. ಮೊದಲನೇ ದಿನವೇ ಪಂಪನ್ನು ಬೀರುವಿನ ಮೇಲಿಟ್ಟು ಕಪಾಲಭಾತಿಗೆ ಕೂರಿಸುವುದು ಬೇರೆ ದಾರಿ. ಹಾಗೆ ಕೂರಿಸಿದ್ದ ಒಬ್ಬರನ್ನು ನಿಮ್ಮ ಶಿಬಿರದಿಂದಲೇ ಆಟೋದಲ್ಲಿ ಕರೆದೊಯ್ದರು. ಮರೆತಿರಲಾರಿರಿ.

‘ಇದೆಲ್ಲಾ ಇಂಗ್ಲಿಷ್ ಔಷಧಿ, ನಮ್ಮದಲ್ಲ’ ಅಂದವರಿಗೆ ಒಂದು ಚಿಕ್ಕ ಕಥೆ. ಉಮ್ಮತ್ತಿ ಗಿಡದ ಹೊಗೆಯನ್ನು ಉಬ್ಬಸಕ್ಕೆ ಸೇದುವುದು ನಮ್ಮ ನಾಡಿನ ಹಳೇ ಪದ್ಧತಿ. 1802ರ ಹೊತ್ತಿಗೆ ಮದ್ರಾಸಿನಿಂದ ಜನರಲ್ ಜೆಂಟ್ ಎಂಬವನು ಅದನ್ನು ಬ್ರಿಟನ್ನಿಗೆ ಒಯ್ದ, ಅಲ್ಲಿ ಉಮ್ಮತ್ತಿಯ ಸಿಗರೇಟು ದಶಕಗಟ್ಟಲೆ ಮಾರಾಟವಾಯಿತು. ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ವಿಷ, ಅಳತೆ ತಪ್ಪಿದರೆ ಹುಚ್ಚು ಹಿಡಿಸುತ್ತದೆ, ದಯವಿಟ್ಟು ಯಾರೂ ಸೇದಬೇಡಿ. ಇವತ್ತು ಸಿಒಪಿಡಿಗೆ ಕೊಡುವ ಟಿಯೋಟ್ರೋಪಿಯಂ ಪಂಪು ಅದೇ ಅಟ್ರೋಪಿನ್ ಕುಟುಂಬದ, ಪಳಗಿಸಿದ ಮೊಮ್ಮಗ. ಉಬ್ಬಸಕ್ಕೆ ಉಮ್ಮತ್ತಿ ಸೇದುವುದನ್ನು ಅವರಿಗೆ ಕಲಿಸಿದವರೇ ನಾವು. ಡಬ್ಬಿ ಮಾತ್ರ ಅವರದು, 1956ರಲ್ಲಿ ಅಮೆರಿಕದಲ್ಲಿ ಬಂತು.

ಇನ್ನು ಫೋನ್ ಮಾಡಿದ ವೈದ್ಯರ ಮಾತು. ನಮ್ಮ ಕಡೆಯ ಆಸ್ಪತ್ರೆಯೊಂದರಲ್ಲಿ ಇದ್ದಾರೆ, ಒಳ್ಳೆಯವರು, ಅದಕ್ಕೇ ಅವರ ಮಾತು ಚುಚ್ಚಿತು. ‘ನೀವು ಎಷ್ಟು ಭಾಷಣ ಮಾಡಿದರೂ ಅಷ್ಟೇ ರೀ. ಹಳ್ಳಿಯವರಿಗೆ ಇನ್‌ಹೇಲರ್ ಅರ್ಥ ಆಗಲ್ಲ, ಹೇಳಿದ್ದು ಕೇಳಲ್ಲ. ಬರೆದುಕೊಟ್ಟರೂ ವೇಸ್ಟ್. ಮಾತ್ರೆ, ಸೂಜಿ ಅಂದರೆ ಅವರಿಗೂ ಸಮಾಧಾನ, ನಮಗೂ ಸಮಾಧಾನ.’

ಉತ್ತರವಾಗಿ ತೂಬಗೆರೆ ಹೋಬಳಿಯ ಒಬ್ಬ ಅಜ್ಜಿಯನ್ನು ತಮ್ಮ ಮುಂದೆ ಕೂರಿಸುತ್ತೇನೆ, ಸಾರ್. ‘ಏನಪ್ಪ, ಇದು ಖಾಲಿ ಆಗೈತಾ ನೋಡು, ಗುಣಾನೇ ಇಲ್ಲ’ ಅಂತ ಬಂದರು. ಪಂಪು ಅವರ ಎಲೆಅಡಿಕೆ ಚೀಲದಲ್ಲಿತ್ತು, ಸುಣ್ಣದ ಡಬ್ಬಿಯ ಜೊತೆ. ಬಾಯಿಗಿಡುವ ಕಡೆ ಮುಚ್ಚಳವಿರಲಿಲ್ಲ, ಒಳಗೆ ಹೊಗೆಸೊಪ್ಪಿನ ಚೂರು ಸಿಕ್ಕಿತ್ತು. ತೆಗೆದು ಒರೆಸಿ, ಡಬ್ಬಿ ಅಲ್ಲಾಡಿಸಿ ನೋಡಿದೆ, ಇನ್ನೂ ಭಾರವಿತ್ತು. ‘ಅಜ್ಜಿ, ಹೆಂಗ್ ಹೊಡ್ಕೊತೀರಾ, ಒಂದ್ಸಲ ತೋರ್ಸಿ’ ಅಂದೆ. ಬಾಯಿ ಅಗಲಿಸಿ, ಒತ್ತಿ, ತಕ್ಷಣ ಬಾಯಿ ಮುಚ್ಚಿ, ಗುಟುಕ್ಕನೆ ನುಂಗಿದರು. ಮೂಗಿನಿಂದ, ತುಟಿ ಸಂದಿಯಿಂದ ಬಿಳಿ ಹೊಗೆ ಎದ್ದು ಹೋಯಿತು.

‘ಯಾಕಜ್ಜಿ ನುಂಗಿದ್ರಿ?’

‘ಔಷಧಿ ಅಂದ್ಮ್ಯಾಕೆ ನುಂಗ್ದೆ ಇನ್ನೇನಪ್ಪ ಮಾಡ್ತಾರೆ? ಊಟ ಆದ್ಮೇಲೇ ತಕೊಂತೀನಿ, ಬರೀ ಹೊಟ್ಟೇಲಲ್ಲ.’

ನಾಲ್ಕು ತಿಂಗಳು ಹೀಗೆ ನುಂಗಿದ್ದಾರೆ. ಯಾರೋ ‘ದಿನಕ್ಕೆರಡು ಸಲ ತಗೊಳ್ಳಿ’ ಅಂದಿದ್ದಾರೆ, ಅವರು ತಗೊಂಡಿದ್ದಾರೆ. ಹೇಳಿದ್ದು ಕೇಳಲಿಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ಕೇಳಿದ್ದರಿಂದಲೇ ಹೀಗಾಯಿತು. ಎಂಬತ್ತು ವರ್ಷದಲ್ಲಿ ಕಷಾಯ, ಮಾತ್ರೆ, ಟಾನಿಕ್ಕು ಎಲ್ಲವನ್ನೂ ನುಂಗಿಸಿದ ಮೇಲೆ, ಇದೊಂದನ್ನು ನುಂಗಬಾರದು, ಉಸಿರಿನ ಜೊತೆ ಎಳೆದುಕೊಳ್ಳಬೇಕು ಅಂತ ಅವರಿಗೆ ಕನಸು ಬೀಳಬೇಕಿತ್ತೇ? ಪುಡಿ ಸೇದುವ ರೋಟಾಹೇಲರಿನ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದವರನ್ನಂತೂ ನಾನು ಲೆಕ್ಕ ಇಟ್ಟಿಲ್ಲ.

ಆವತ್ತು ಅಜ್ಜಿಗೆ ಕಲಿಸಲು ಹತ್ತು ನಿಮಿಷ ಹಿಡಿಯಿತು. ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಡಿ, ತುಟಿ ಬಿಗಿಯಾಗಿ ಮುಚ್ಚಿ, ಇಲ್ಲಿಯವರೆಗೆ ಅವರಿಗೆ ಸಲೀಸು. ಉಸಿರು ಎಳೆಯಲು ಶುರುಮಾಡಿದ ಮೇಲೆ ಒತ್ತಬೇಕು, ಒತ್ತಿದ ಮೇಲೂ ನಿಧಾನವಾಗಿ ಎಳೆಯುತ್ತಲೇ ಇರಬೇಕು, ಇದೇ ಕಷ್ಟ. ‘ಬಿಸಿ ಕಾಫಿ ಹೀರೋ ಥರ, ಆದ್ರೆ ಸದ್ದು ಬರಬಾರದು’ ಅಂದಾಗ ಮೂರನೇ ಸಲಕ್ಕೆ ಬಂತು. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ‘ಘಾಟಿ ಕಲ್ಯಾಣೀಲಿ ಮುಳುಗು ಹಾಕಿದಂಗೆ’ ಅಂದೆ, ಬೇರೇನೂ ವಿವರಿಸಬೇಕಾಗಲಿಲ್ಲ. ಹೊಗೆ ಹೊರಗೆ ಬರಲಿಲ್ಲ. ‘ಈಗ ಒಳಕ್ಕೋಯ್ತು’ ಅಂತ ಅವರೇ ಎದೆ ತಟ್ಟಿಕೊಂಡರು.

ಪುಡಿಯ ರೋಟಾಹೇಲರ್ ಆದರೆ ಇದಕ್ಕೆ ತದ್ವಿರುದ್ಧ. ಅದನ್ನು ರಭಸವಾಗಿ ಎಳೆಯಬೇಕು, ಇಲ್ಲದಿದ್ದರೆ ಪುಡಿ ಅಲ್ಲೇ ಉಳಿಯುತ್ತದೆ. ಅದಕ್ಕೆ ನಾನು ಊದುಗೊಳವೆಯ ಉದಾಹರಣೆ ಕೊಡುತ್ತೇನೆ: ಒಲೆ ಊದುವಾಗ ಎಷ್ಟು ಜೋರು ಹೊರಕ್ಕೆ ಬಿಡ್ತೀರೋ ಅಷ್ಟೇ ಜೋರು ಒಳಕ್ಕೆ ಎಳೀರಿ. ಈಗ ಯೋಚಿಸಿ ಸಾರ್, ಒಂದೇ ಚೀಟಿಯಲ್ಲಿ ನಿಧಾನ ಎಳೆಯುವುದೊಂದು, ಜೋರಾಗಿ ಎಳೆಯುವುದೊಂದು ಬರೆದು, ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಥರ ‘ದಿನಕ್ಕೆರಡು’ ಅಂತ ಗೀಚಿ ಕಳಿಸಿದರೆ ಎಂ.ಎ. ಮಾಡಿದವನೂ ತಪ್ಪುತ್ತಾನೆ.

ತಪ್ಪಿದ್ದಾನೆ ಕೂಡ. 1975ರಿಂದ 2014ರವರೆಗೆ ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ, 54,000ಕ್ಕೂ ಹೆಚ್ಚು ಜನರ ಲೆಕ್ಕ ನೋಡಿದವರಿದ್ದಾರೆ. ಪಂಪನ್ನು ಸರಿಯಾಗಿ ಬಳಸಿದವರು ನೂರಕ್ಕೆ 31. ನಲವತ್ತು ವರ್ಷದಲ್ಲಿ ಆ ಸಂಖ್ಯೆ ಮೇಲಕ್ಕೆ ಹೋಗಲೇ ಇಲ್ಲ. ಅವರಲ್ಲಿ ಬಹುಪಾಲು ಜನ ತೂಬಗೆರೆ ಹೆಸರು ಕೇಳಿದವರಲ್ಲ, ಶ್ರೀಮಂತ ದೇಶಗಳವರು. ಇನ್ನೊಂದು ಲೆಕ್ಕವನ್ನು ಸಣ್ಣ ದನಿಯಲ್ಲಿ ಹೇಳುತ್ತೇನೆ: ವೈದ್ಯರು, ನರ್ಸುಗಳು, ನಮ್ಮಂಥ ಫಾರ್ಮಸಿಯವರನ್ನೇ ಹೀಗೆ ಪರೀಕ್ಷೆ ಮಾಡಿದ ಅಧ್ಯಯನಗಳನ್ನು 2018ರಲ್ಲಿ ಕೂಡಿಸಿ ನೋಡಿದಾಗ ಸರಿಯಾಗಿ ಮಾಡಿ ತೋರಿಸಿದವರು ನೂರಕ್ಕೆ ಹದಿನಾರರಷ್ಟೂ ಇರಲಿಲ್ಲ. ನಾನೂ ಅಂಗಡಿ ಶುರು ಮಾಡಿದ ಮೊದಲ ಐದಾರು ವರ್ಷ ತಪ್ಪಾಗಿಯೇ ಹೇಳಿಕೊಟ್ಟಿದ್ದೇನೆ. ಒತ್ತಿ ಆಮೇಲೆ ಎಳೀರಿ ಅನ್ನುತ್ತಿದ್ದೆ.

ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಒಮ್ಮೆ ಹೋಗಿ ನೋಡಿ. ರೇಷ್ಮೆ ನೂಲು ಬಿಚ್ಚುವ ಹೆಂಗಸರು ಕುದಿಯುವ ನೀರಿನಲ್ಲಿ ಕುಣಿಯುವ ಗೂಡುಗಳಿಂದ ಕಣ್ಣಿಗೂ ಸರಿಯಾಗಿ ಕಾಣದ ಎಳೆ ಹಿಡಿದು, ಒಂದು ಕಡಿದರೆ ಇನ್ನೊಂದನ್ನು ಓಡುವ ನೂಲಿಗೇ ಎಸೆದು ಕೂಡಿಸುತ್ತಾರೆ, ಪಕ್ಕದವಳ ಜೊತೆ ಮಾತು ನಿಲ್ಲಿಸದೆ. ಆ ಹಬೆ, ಆ ಹೊಗೆ, ಗೂಡಿನ ಅಂಟು ಇವುಗಳಿಂದಲೇ ಎಷ್ಟೋ ಜನಕ್ಕೆ ಉಬ್ಬಸ ಹಿಡಿಯುವುದು. ಇಂಥ ಕೈಗೆ, ಇಂಥ ಕಣ್ಣಿಗೆ ಒಂದು ಪಂಪು ಹಿಡಿಯುವುದು ಅರ್ಥವಾಗುವುದಿಲ್ಲ ಅಂದರೆ ನಾನು ಒಪ್ಪಬೇಕೇ? ಅವರು ಎಳೆ ಹಿಡಿಯುವುದನ್ನು ಚೀಟಿ ಓದಿ ಕಲಿತವರಲ್ಲ. ಪಕ್ಕದಲ್ಲಿ ಕೂತು, ಕೈ ನೋಡಿ ಕಲಿತವರು. ಪಂಪೂ ಹಾಗೇ ಕಲಿಯುವ ವಿದ್ಯೆ, ಮತ್ತೆ ಮತ್ತೆ ತಿದ್ದಿಸಿಕೊಳ್ಳಬೇಕಾದ ವಿದ್ಯೆ. ಹೊರರೋಗಿ ವಿಭಾಗದಲ್ಲಿ ತಮ್ಮ ಮುಂದೆ ಸಾಲು ಬಾಗಿಲು ದಾಟಿರುತ್ತದೆ, ಗೊತ್ತು. ಹತ್ತು ನಿಮಿಷ ತಮ್ಮಿಂದ ಆಗದಿದ್ದರೆ ನರ್ಸಮ್ಮನಿಂದ ಮಾಡಿಸಿ, ಆಶಾ ಕಾರ್ಯಕರ್ತೆಗೆ ಒಂದು ಖಾಲಿ ಪಂಪು ಕೊಟ್ಟು ಕಲಿಸಿ, ನನ್ನ ಅಂಗಡಿಗೆ ಕಳಿಸಿ. ‘ಅರ್ಥ ಆಗಲ್ಲ’ ಅನ್ನುವುದನ್ನು ಮಾತ್ರ ವಾಪಸ್ ತಗೊಳ್ಳಿ.

ಒಂದು ಮಾತು ಬಿಟ್ಟೆ. ಅರ್ಥವಾಗಿಯೂ ಬಳಸದವರಿದ್ದಾರೆ. ಅಪರೆಲ್ ಪಾರ್ಕಿನ ಗಾರ್ಮೆಂಟ್ಸಿಗೆ ಹೋಗುವ ಒಂದು ಹುಡುಗಿ ಪಂಪನ್ನು ಟಾಯ್ಲೆಟ್ಟಿನಲ್ಲೇ ಹೊಡೆದುಕೊಳ್ಳುವುದು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ‘ದಮ್ಮಿನ ಹುಡುಗಿ’ ಅಂತ ಸುದ್ದಿಯಾಗಬಾರದು. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ. ಅವಳ ಪಂಪನ್ನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ.

‘ಬೀಡಿ ಸೇದೋ ಗಂಡಸರಿಗೆ ಬರೋ ಕಾಯಿಲೆ ಇದು, ನಮ್ಮ ಮನೆ ಹೆಂಗಸರಿಗೆ ಯಾಕ್ರೀ ಪಂಪು?’ ಎಂದು ಹಿರಿಯರೊಬ್ಬರು ಸಭೆಯಲ್ಲೇ ಗದರಿದರು. ಅವರಿಗೆ ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ನೋಡಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಹೇಳುತ್ತೇನೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆಯ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷಕ್ಕೆ 60 ಆಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದವಳು ಮೂವತ್ತೆಂಟಕ್ಕೆ ಗಡಿ ಮುಟ್ಟಿದಳು, ಒಂದು ಬೀಡಿಯೂ ಸೇದದೆ. ‘ಈಗ ಗ್ಯಾಸ್ ಬಂದಿದೆಯಲ್ಲ’ ಅನ್ನಬಹುದು. ಅಡುಗೆಮನೆಗೆ ಬಂದಿದೆ. ಬಚ್ಚಲೊಲೆಗೆ ಇವತ್ತಿಗೂ ನೀಲಗಿರಿ ಸೌದೆಯೇ, ಉರಿ ಹತ್ತಿಸಲು ಅದರ ಒಣಗಿದೆಲೆಯೇ. ಯಜಮಾನರೇ, ತಾವು ಬೆಳಿಗ್ಗೆ ಸ್ನಾನ ಮಾಡುವ ಹಂಡೆಯ ನೀರನ್ನು ಕಾಯಿಸಿದ್ದು ಯಾರು? 2016ರಲ್ಲಿ ದೇಶದಲ್ಲಿ ಸಿಒಪಿಡಿ ಇದ್ದವರು ಸುಮಾರು 5.5 ಕೋಟಿ ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಅಂದಾಜು ಬಂದಿತ್ತು. ಅದರಲ್ಲಿ ಬೀಡಿ ಮುಟ್ಟದ ಹೆಂಗಸರು ಬೇಕಾದಷ್ಟಿದ್ದಾರೆ.

ಹೋರಾಟಗಾರ ಗೆಳೆಯರೊಬ್ಬರದು ಬೇರೆಯೇ ಸಿಟ್ಟು. ‘ಕ್ವಾರಿ, ಕ್ರಷರ್ ಧೂಳು ಎಬ್ಬಿಸೋರನ್ನ ಬಿಟ್ಟು ಆ ಧೂಳು ಕುಡಿಯೋರ ಬಾಯಿಗೆ ಪಂಪಿಡ್ತೀರಲ್ಲ, ಇದು ಮುಲಾಮು ಹಚ್ಚೋ ಕೆಲಸ.’ ಒಪ್ಪಿದೆ ಗೆಳೆಯ. ಕೊಯಿರದ ಕಲ್ಲು ಒಡೆದವರ ಎದೆಯಲ್ಲಿ ಕೂತ ಕಲ್ಲಿನ ಪುಡಿಯನ್ನು ಯಾವ ಪಂಪೂ ತೊಳೆಯುವುದಿಲ್ಲ, ಅದು ಸಿಲಿಕೋಸಿಸ್, ಅದರ ಕಾನೂನೂ ಪರಿಹಾರವೂ ಬೇರೆ. ನೀನು ಅರ್ಜಿ ಬರೆ, ಸಹಿ ಹಾಕುತ್ತೇನೆ, ಧರಣಿಗೆ ಕರೆದರೆ ಅಂಗಡಿಗೆ ಬೀಗ ಹಾಕಿ ಬರುತ್ತೇನೆ. ಆದರೆ ಧರಣಿಗೆ ನಡೆದು ಬರಲು ಆ ಕೂಲಿಯವನಿಗೆ ಉಸಿರು ಬೇಕಲ್ಲ.

ಕಡೆಯದು ಎಲ್ಲಕ್ಕಿಂತ ಖಾರ. ಮಗ್ಗದ ಮಾಲೀಕರೊಬ್ಬರು ಎದ್ದು ನಿಂತು ಹೇಳಿದ್ದು: ‘ಇವ್ರು ಮಾರೋದೇ ಪಂಪು. ಇನ್ನೇನು ಹೇಳ್ತಾರೆ? ನಾನೂರು ಐನೂರು ಕೊಟ್ಟು ತಿಂಗಳು ತಿಂಗಳೂ ಯಾರು ತಗೊಂತಾರೆ?’ ಸಭೆ ನಕ್ಕಿತು, ನಾನೂ ನಕ್ಕೆ, ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ.

ನನಗೆ ಲಾಭ ಇದೆ, ನಿಜ. ಆದರೆ ಕೆಮ್ಮಿನ ಸಿರಪ್ಪು, ಆ್ಯಂಟಿಬಯಾಟಿಕ್ಕು, ವಾರವಾರದ ಮಾತ್ರೆ ಇವುಗಳ ಲಾಭ ಅದಕ್ಕಿಂತ ಹೆಚ್ಚು, ಪಂಪು ಸರಿಯಾಗಿ ಹಿಡಿದವರು ಅವುಗಳಿಗೆ ಬರುವುದೇ ಇಲ್ಲ. ಬೆಲೆಯ ಮಾತು ಮಾತ್ರ ಸರಿ, ಅದಕ್ಕೆ ವಾದವಿಲ್ಲ. ಸಾಲ್ಬುಟಮಾಲ್, ಬುಡೆಸೊನೈಡ್, ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್, ಟಿಯೋಟ್ರೋಪಿಯಂ ಎಲ್ಲವೂ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸಿಒಪಿಡಿ, ಆಸ್ತಮಾ ಎರಡೂ ಬಿಪಿ, ಸಕ್ಕರೆಯ ಜೊತೆಗೆ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಬಂದಿವೆ. ಆದ್ದರಿಂದ ಮೊದಲು ಸರ್ಕಾರಿ ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ಕೇಳಿ, ಇಲ್ಲ ಅಂದರೆ ಯಾಕಿಲ್ಲ ಅಂತಲೂ ಕೇಳಿ. ಆಮೇಲೆ ಜನೌಷಧಿ ಅಂಗಡಿ. ನನ್ನ ಅಂಗಡಿ ಕೊನೆಗೆ.

ಇನ್ನೂ ಒಂದು ವ್ಯಾಪಾರ ಬಿಟ್ಟುಕೊಡುತ್ತೇನೆ. ಒತ್ತುವುದೂ ಎಳೆಯುವುದೂ ಒಟ್ಟಿಗೆ ಕೂಡಿಬರದ ಮುದುಕರಿಗೆ, ಮಕ್ಕಳಿಗೆ ಸ್ಪೇಸರ್ ಅಂತ ಒಂದು ಪ್ಲಾಸ್ಟಿಕ್ ಬುರುಡೆ ಬರುತ್ತದೆ. ಪಂಪನ್ನು ಅದರೊಳಗೆ ಒತ್ತಿ, ಬುರುಡೆಯಿಂದ ಸಾವಕಾಶ ಉಸಿರೆಳೆದುಕೊಂಡರೆ ಸಾಕು. ಅದನ್ನೂ ನಾನು ಮಾರುತ್ತೇನೆ. ಆದರೆ ದಕ್ಷಿಣ ಆಫ್ರಿಕಾದ ವೈದ್ಯರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿಯ ಅಳತೆಗೆ ತೂತು ಮಾಡಿ, ಸುತ್ತ ಅಂಟು ಹಾಕಿ ಮುಚ್ಚಿ, ಉಬ್ಬಸದ ಮಕ್ಕಳಿಗೆ ಕೊಟ್ಟು ನೋಡಿದರು. ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು, 1999ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಬಂತು. ಬಾಟಲಿಯನ್ನು ಸೋಪಿನ ನೀರಿನಲ್ಲಿ ಅದ್ದಿ, ಒರೆಸದೆ ಹಾಗೇ ಗಾಳಿಗೆ ಒಣಗಿಸಬೇಕು. ಒರೆಸಿದರೆ ಔಷಧ ಒಳಗೋಡೆಗೇ ಹಿಡಿಯುತ್ತದೆ. ಮಗ್ಗದ ಮಾಲೀಕರಿಗೆ ಈ ವಿಷಯವನ್ನು ಮರುದಿನವೇ ಹೋಗಿ ಹೇಳಿದೆ. ಅವರ ತಂದೆಗೆ ದಮ್ಮು ಇರುವುದು ನನಗೆ ಗೊತ್ತಿತ್ತು.

ಮೂರು ದಿನ ಬಿಟ್ಟು ಅಂಗಡಿಗೆ ಬಂದರು. ಕೈಯಲ್ಲಿ ಬಾಟಲಿ. ಕಾದ ಕಂಬಿಯಿಂದ ತೂತು ಕೊರೆದಿದ್ದರು, ಅದು ಅಗಲವಾಗಿ, ಪಂಪು ತೂರಿಸಿದರೆ ಲೊಡಲೊಡ ಅಲ್ಲಾಡುತ್ತಿತ್ತು. ಒತ್ತಿ ನೋಡಿದೆ, ಸಂದಿಯಿಂದ ಬಿಳಿ ಹೊಗೆ ಹೊರಗೇ ಬಂತು. ‘ಇದಾಗಲ್ಲ ಸಾವ್ಕಾರ್ರೇ, ಇನ್ನೊಂದು ಬಾಟ್ಲಿ ತನ್ನಿ’ ಅಂದೆ. ‘ಕಂಬಿ ನೀನೇ ಕಾಯ್ಸು ಮತ್ತೆ’ ಅಂತ ಎದುರಿನ ಬೇಕರಿ ಕಡೆ ಹೋದರು.